ಏರಿನಲ್ಲಿ ಮಾತಾಡಿದವನು

ವರ್ಲಿನ್ ಟೋಸ್ಟ್ರುಡ್ ಮೊದಲ ಸಲ ಕಂಡವರಿಗೆ ಮುಂಗೋಪಿಯಂತೆ ಕಾಣುತ್ತಿದ್ದ, ಎರಡನೇ ಸಲ ಕಂಡವರಿಗೆ ಬಾಯಿಬಡುಕನಂತೆ. ಎರಡೂ ನಿಜವೇ. ಹೆಚ್ಚು ಕಡಿಮೆ ಒಂದು ಆಯುಸ್ಸು ಹಾಲಿನ ಟ್ಯಾಂಕರ್ ಓಡಿಸಿದವನು. ಪಶ್ಚಿಮ ವಿಸ್ಕಾನ್ಸಿನ್ನಿನ ನಮ್ಮ ಗುಡ್ಡಗಳ ಸಂದಿಯ ಒಂದೊಂದು ಕೊಟ್ಟಿಗೆಗೂ ಬೆಳಗಿನ ಜಾವ ಹೋಗಿ ಹಾಲು ತುಂಬಿಕೊಳ್ಳುತ್ತಿದ್ದ, ಜೊತೆಗೆ ಆ ಮನೆಯ ಸುದ್ದಿಯನ್ನೂ ತುಂಬಿಕೊಂಡು ಮುಂದಿನ ಮನೆಯಲ್ಲಿ ಇಳಿಸುತ್ತಿದ್ದ. ಹಾಲು ಚೀಸ್ ಕಾರ್ಖಾನೆ ತಲುಪುವ ಹೊತ್ತಿಗೆ ಯಾರ ಹಸು ಕರು ಹಾಕಿತು, ಯಾರ ಮಗಳು ಗಂಡನನ್ನು ಬಿಟ್ಟು ಬಂದಳು ಎನ್ನುವುದೆಲ್ಲ ಊರಿಗೆ ಹಂಚಿಹೋಗಿರುತ್ತಿತ್ತು. ಅವನ ಬಾಯಿಗೆ ಹೆದರಿ ಸುಳ್ಳು ಹೇಳುವುದನ್ನು ಬಿಟ್ಟ ರೈತರೂ ಇದ್ದರು.

ಅವನ ಇನ್ನೊಂದು ಹುಚ್ಚು ಸೈಕಲ್. ಮಂಗಳವಾರ ಸಂಜೆ ನಮ್ಮೂರಿನ ಐದಾರು ಗಂಡಸರು ಹಳೆಯ ರೈಲು ದಾರಿಯ ಮೇಲೆ ಸುರಂಗದವರೆಗೆ ತುಳಿದು ಹೋಗಿ ಬರುತ್ತಿದ್ದರು. ಆಮೇಲೆ ಮೂಲೆಯ ಬಾರಿನಲ್ಲಿ ಬಿಯರ್ ಕುಡಿದು, ಕರಿದ ಚೀಸ್ ತಿಂದು, ಕರಗಿಸಿದ್ದಷ್ಟನ್ನೂ ಮತ್ತೆ ಮೈಗೆ ಸೇರಿಸಿಕೊಂಡು ಮನೆಗೆ ಹೋಗುತ್ತಿದ್ದರು. ಹಳಿ ಕಿತ್ತು ಸುಣ್ಣಕಲ್ಲಿನ ಪುಡಿ ಹಾಸಿದ ದಾರಿ ಅದು. ರೈಲಿಗಾಗಿ ಕಡಿದ ಏರು ನೋಡುವುದಕ್ಕೆ ಏರೇ ಅಲ್ಲ. ಆದರೆ ಒಂದು ಕಡೆಯೂ ಬಿಡುವು ಕೊಡುವುದಿಲ್ಲ, ಸುರಂಗದ ಬಾಯಿ ಮುಟ್ಟುವಷ್ಟರಲ್ಲಿ ತೊಡೆ ಉರಿದುಹೋಗಿರುತ್ತದೆ. ಆ ಏರಿನಲ್ಲಿ ಯಾವಾಗಲೂ ವರ್ಲಿನನೇ ಮುಂದೆ. ಹಿಂದೆ ಬಿದ್ದವರನ್ನು ‘ಅಜ್ಜಿ’ ಎಂದು ಕರೆಯುತ್ತಿದ್ದವನೂ ಅವನೇ. ಟ್ರ್ಯಾಕ್ಟರ್ ರಿಪೇರಿಯ ಮರ್ಲ್ ಹೌಗೆನ್ ಅವನ ಜೀವದ ಗೆಳೆಯ, ಹಾಗಾಗಿ ಹೆಚ್ಚು ಸಲ ಅಜ್ಜಿಯಾದವನು.

ಕೆಲಸದಿಂದ ನಿವೃತ್ತನಾದ ವರ್ಷವೇ ಲಕ್ವ ಹೊಡೆಯಿತು. ಗ್ಯಾರೇಜಿನಲ್ಲಿ ಟೈರಿಗೆ ಗಾಳಿ ತುಂಬುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಮಾತು ಉಳಿಯಿತು, ಕಣ್ಣು ಉಳಿಯಿತು, ಎಡಗೈ ಎಡಗಾಲು ಅರ್ಧಕ್ಕರ್ಧ ಹೋದವು. ಗೆಳೆಯರು ಬಂದರು. ನಮ್ಮಲ್ಲಿ ಮನೆಗೆ ಕಷ್ಟ ಬಂದರೆ ಮಾಂಸ, ನೂಡಲ್ಸ್, ಆಲೂಗಡ್ಡೆ ಹಾಕಿ ಬೇಯಿಸಿದ ದೊಡ್ಡ ಪಾತ್ರೆಗಳು ಬಾಗಿಲಿಗೆ ಬರುತ್ತವೆ, ಅವೂ ಬಂದವು. ಆದರೆ ತನ್ನ ಸೊಟ್ಟ ಬಾಯಿಯಿಂದ ಸೂಪು ಸೋರುವುದನ್ನು ಮರ್ಲ್ ನೋಡುವುದು ವರ್ಲಿನನಿಗೆ ಬೇಕಿರಲಿಲ್ಲ. ಯಾರು ಬಂದರೂ ನಿದ್ದೆ ಮಾಡುತ್ತಿದ್ದಾನೆ ಎನ್ನು ಎಂದು ಹೆಂಡತಿ ಆರ್ಡಿಸಳಿಗೆ ಹೇಳಿಟ್ಟ. ಇಷ್ಟು ನಿದ್ದೆ ಮಾಡುವವನ ಮನೆಗೆ ಎಷ್ಟು ಸಲ ಹೋಗುವುದು? ಅವರು ಬರುವುದನ್ನು ನಿಲ್ಲಿಸಿದರು. ಆಮೇಲೆ ಇವನು, ಬಿದ್ದವನನ್ನು ಯಾರೂ ಕೇಳುವುದಿಲ್ಲ ಎಂದು ಅವರನ್ನೇ ದೂರತೊಡಗಿದ. ಒಂದಿಡೀ ಚಳಿಗಾಲ, ಒಂದಿಡೀ ಬೇಸಿಗೆ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ.

ಅವನನ್ನು ಎಬ್ಬಿಸಿದ್ದು ಆರ್ಡಿಸಳ ಹಟ. ಹಳೆಯ ರೈಲ್ವೆ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಅಂಗವಿಕಲರಿಗಾಗಿ ಒಂದು ಸೈಕಲ್ ಕ್ಲಬ್ ನಡೆಯುತ್ತದೆ. ಕೈಯಲ್ಲಿ ತಿರುಗಿಸುವ ಸೈಕಲ್, ಒರಗಿಕೊಂಡು ತುಳಿಯುವ ಸೈಕಲ್, ಗಾಲಿಕುರ್ಚಿಯನ್ನೇ ಮುಂದಕ್ಕೆ ಕಟ್ಟಿಕೊಳ್ಳುವ ಸೈಕಲ್, ಎಲ್ಲ ಅಲ್ಲಿವೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ವೆಸ್ ಪಾವ್ಲಾಕ್ ಅದನ್ನು ನೋಡಿಕೊಳ್ಳುತ್ತಾನೆ. ಕೈಕಾಲು ನೆಟ್ಟಗಿದ್ದ ಕಾಲದಲ್ಲಿ ಆ ಷೆಡ್ಡಿನ ಮುಂದೆ ಹಾಯುವಾಗ ವರ್ಲಿನ್ ಅದನ್ನು ಸರ್ಕಸ್ ಎನ್ನುತ್ತಿದ್ದ. ಈಗ ಅದೇ ಬಾಗಿಲಿಗೆ ಹೆಂಡತಿ ಕರೆತಂದಾಗ, ಮುಖ್ಯ ರಸ್ತೆ ಬೇಡ, ಹಿಂದಿನ ಓಣಿಯಲ್ಲಿ ಕಾರು ತಿರುಗಿಸು ಎಂದ.

ವೆಸ್ ಅವನನ್ನು ನೋಡಿದ, ಅವನ ಕಣ್ಣು ಚೆನ್ನಾಗಿವೆ ಎಂದು ಕೇಳಿ ತಿಳಿದ, ನೇರವಾಗಿ ರೊಸಾಲಿ ಕುಕ್ತಾಳ ಹತ್ತಿರ ಕರೆದೊಯ್ದ. ರೊಸಾಲಿ ಹುಟ್ಟುಕುರುಡಿ. ಕ್ರ್ಯಾನ್‌ಬೆರಿ ಹಣ್ಣಿನ ಬೆಳೆಗಾರರ ಸಂಘದ ಕಚೇರಿಯಲ್ಲಿ ಫೋನು ಎತ್ತುವ ಕೆಲಸ, ಐವತ್ತರ ಹತ್ತಿರದ ವಯಸ್ಸು, ಚೂಪು ನಾಲಿಗೆ, ಹಸು ಸಾಕಿದ ಮನೆಯಲ್ಲಿ ಬೆಳೆದ ಗಟ್ಟಿ ಕಾಲು. ಕ್ಲಬ್ಬಿನಲ್ಲಿ ಒಂದರ ಹಿಂದೊಂದು ಎರಡು ಸೀಟಿರುವ ಮೂರು ಗಾಲಿಯ ಸೈಕಲ್ ಇತ್ತು. ಮುಂದೆ ಕೂತವನು ಕ್ಯಾಪ್ಟನ್, ದಾರಿ ನೋಡಿ ತಿರುಗಿಸುವವನು, ಒಂದು ಕೈ ಇದ್ದರೂ ಸಾಕು. ವೆಸನಿಗೂ ಸಹಾಯಕರಿಗೂ ಉಳಿದವರನ್ನು ನೋಡಿಕೊಳ್ಳುವುದೇ ಆಗುತ್ತಿತ್ತು; ಮುಂದೆ ಕಣ್ಣಿರುವವರು ಸಿಗದೆ ಅವಳು ಎಷ್ಟೋ ತಿಂಗಳಿಂದ ಷೆಡ್ಡಿಗೆ ಬಂದು, ಕಾಫಿ ಕುಡಿದು, ಸುಮ್ಮನೆ ವಾಪಸು ಹೋಗುತ್ತಿದ್ದಳು.

ಆ ಸೈಕಲ್ಲಿನಲ್ಲಿ ಎರಡು ಜೊತೆ ಪೆಡಲೂ ಒಂದೇ ಚೈನಿಗೆ ಸೇರಿರುತ್ತವೆ. ಒಬ್ಬರು ತುಳಿದರೆ ಇಬ್ಬರ ಕಾಲೂ ತಿರುಗುತ್ತದೆ. ಕ್ಯಾಪ್ಟನ್ನನ ಮುಖ್ಯ ಕೆಲಸ ಕೂಗಿ ಹೇಳುವುದು. ಕಲ್ಲು ಬಂತು, ತಿರುವು ಬಂತು, ಗೇರ್ ಬದಲಿಸುತ್ತೇನೆ, ಬ್ರೇಕ್ ಹಾಕುತ್ತೇನೆ, ಎದುರಿಗೆ ಜನ ಬಂದರು, ಬಂದವರು ಇಂಥವರು. ಹಿಂದೆ ಕೂತವರಿಗೆ ತಿಳಿಯದಂತೆ ಏನೂ ಆಗಬಾರದು, ಅದು ಕ್ಲಬ್ಬಿನ ಒಂದೇ ಕಟ್ಟುನಿಟ್ಟು. ಬಾಯಿಬಡುಕನಿಗೆ ಹೇಳಿ ಮಾಡಿಸಿದ ಕೆಲಸ. ಅವನು ಕಲ್ಲು ಹಳ್ಳದ ಜೊತೆಗೆ ಯಾರ ಜೋಳ ಎಷ್ಟು ಎತ್ತರ ಬಂದಿದೆ, ಯಾರು ಹೊಸ ಟ್ರಕ್ ತಂದಿದ್ದಾರೆ ಎನ್ನುವುದನ್ನೂ ಸೇರಿಸುತ್ತಿದ್ದ. ಅವಳು, ನೀನು ಹಾಲು ತಂದೆಯೋ ಸುದ್ದಿ ತಂದೆಯೋ ಎಂದು ನಗುತ್ತಿದ್ದಳು. ಇಬ್ಬರದ್ದೂ ಸೇರಿಸಿದರೆ ಒಂದು ಜೊತೆ ಕಣ್ಣು, ಮೂರು ಕಾಲು, ಸಾಲದೇ ಎಂದು ಅವಳದೇ ತಮಾಷೆ. ಶನಿವಾರಕ್ಕಾಗಿ ಅವನು ವಾರವಿಡೀ ಕಾಯುವಂತಾದ. ಶನಿವಾರ ಒಂದು ಇಲ್ಲದೇ ಹೋಗಿದ್ದರೆ ಕಿಟಕಿಯ ಪಕ್ಕದ ಕುರ್ಚಿಯೇ ಅವನ ಗತಿಯಾಗಿತ್ತು, ಅದು ಅವನಿಗೂ ಗೊತ್ತಿತ್ತು, ಆರ್ಡಿಸಳಿಗೂ ಗೊತ್ತಿತ್ತು.

ಇಷ್ಟಿದ್ದೂ ನಾಚಿಕೆ ಹೋಗಲಿಲ್ಲ. ಅದಕ್ಕೆ ಒಂದು ಮುಸುಕೂ ಸಿಕ್ಕಿತು. ಕ್ಲಬ್ಬಿನಲ್ಲಿ ಸಹಾಯಕ್ಕೆ ಬರುವವರು ಕಿತ್ತಳೆ ಬಣ್ಣದ ಅಂಗಿ ತೊಡುತ್ತಾರೆ, ತೋಳಿಲ್ಲದ್ದು, ಬೆನ್ನ ಮೇಲೆ ‘ಸಹಾಯಕ’ ಎಂದು ದೊಡ್ಡದಾಗಿ ಬರೆದದ್ದು. ದಾರಿಯ ಹೊಣೆ ಕ್ಯಾಪ್ಟನ್ನನದು ಎಂದು ಅವನಿಗೂ ಅದೇ ಅಂಗಿ. ವರ್ಲಿನ್ ಅದನ್ನು ಷೆಡ್ಡಿನಲ್ಲಿ ಬಿಚ್ಚಿಡಬೇಕಿತ್ತು. ಬಿಚ್ಚಲಿಲ್ಲ. ಅದನ್ನು ಹಾಕಿಕೊಂಡೇ ದಿನಸಿ ಅಂಗಡಿಗೆ ಹೋದ, ಚರ್ಚಿನ ಶುಕ್ರವಾರದ ಮೀನೂಟಕ್ಕೂ ಹೋದ. ಓಹೋ, ಆ ಕೈಲಾಗದವರಿಗೆಲ್ಲ ಸಹಾಯ ಮಾಡುತ್ತೀಯಂತೆ, ಒಳ್ಳೆಯದಾಗಲಿ ಎಂದು ಯಾರಾದರೂ ಅಂದರೆ ಇಲ್ಲ ಎನ್ನಲಿಲ್ಲ. ಊರುಗೋಲು ಹಿಡಿದು ನಿಂತವನು ಯಾರಿಗೆ ಸಹಾಯ ಮಾಡುತ್ತಾನೆ ಎಂದು ಕೇಳುವಷ್ಟು ಒರಟರು ನಮ್ಮೂರಿನಲ್ಲಿ ಯಾರೂ ಇಲ್ಲ. ಅದೇ ಅವನಿಗೆ ಅನುಕೂಲವಾಯಿತು.

ಕ್ಲಬ್ಬಿಗೆ ಸೇರಿದ ಎರಡನೇ ಬೇಸಿಗೆಯ ಆಗಸ್ಟಿನ ಒಂದು ಶನಿವಾರ. ಏರು ಶುರುವಾಗುವ ಸೇತುವೆಯ ಹತ್ತಿರ ಸೈಕಲ್ ನಿಲ್ಲಿಸಿ ಇಬ್ಬರೂ ನೀರು ಕುಡಿಯುತ್ತಿದ್ದಾಗ ಹಿಂದಿನಿಂದ ಮಂಗಳವಾರದ ಗುಂಪು ಬಂತು. ಆ ವಾರ ಯಾರದೋ ಮದುವೆಯ ಕಾರಣ ಮಂಗಳವಾರ ತಪ್ಪಿ ಶನಿವಾರಕ್ಕೆ ಹೊರಟಿದ್ದರು. ಮುಂದೆ ಮರ್ಲ್. ವರ್ಲಿನನನ್ನು ಕಂಡವನೇ ಸೈಕಲ್ಲಿನಿಂದ ಇಳಿದು, ಏನು ಹೇಳಬೇಕೋ ತಿಳಿಯದೆ ಹೆಲ್ಮೆಟ್ ತೆಗೆದ, ಮತ್ತೆ ಹಾಕಿಕೊಂಡ. ಅವನ ಕಣ್ಣು ಊರುಗೋಲಿನ ಕಡೆ ಹೋಯಿತು, ಪೆಡಲಿಗೆ ಕಟ್ಟಿದ ಎಡಗಾಲಿನ ಕಡೆ ಹೋಯಿತು. ವರ್ಲಿನನಿಗೆ ಮೈಯೆಲ್ಲ ಹಿಡಿಯಷ್ಟಾದಂತಾಯಿತು. ಬಂದವರು ಇಂಥವರು ಎಂದು ಹಿಂದಕ್ಕೆ ಹೇಳಬೇಕಾದದ್ದು ಅವನ ಕೆಲಸ. ಹೇಳಲಿಲ್ಲ. ಅದರ ಬದಲು ಎದೆ ಉಬ್ಬಿಸಿ ಕಿತ್ತಳೆ ಅಂಗಿಯನ್ನು ಮುಂದೆ ಮಾಡಿದ.

“ವಾರಕ್ಕೊಂದಿನ ಇಲ್ಲಿ ಸೇವೆ ಮಾಡ್ತೀನಿ ಕಣೋ ಮರ್ಲ್. ಪಾಪ, ಹಿಂದೆ ಕೂತಿರೋಳಿಗೆ ಕಣ್ಣಿಲ್ಲ. ನಮ್ಮಂಥೋರು ಯಾರಾದ್ರೂ ಎಳ್ಕೊಂಡು ಹೋದ್ರೆ ಉಂಟು, ಇಲ್ದಿದ್ರೆ ಇಲ್ಲ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ್ದು ಆಡಿ ಆಗಿತ್ತು. ಮರ್ಲ್ ಹಿಂದಿನ ಸೀಟಿನ ಕಡೆ ತಿರುಗಿ, ವರ್ಲಿನ್ ಸಿಕ್ಕಿದ್ದು ನಿಮ್ಮ ಪುಣ್ಯ ಎಂಬಂಥ ಮಾತೇನೋ ತೊದಲಿದ. ಹೌದು, ಒಳ್ಳೆಯ ಕ್ಯಾಪ್ಟನ್ ಎಂದಳು ರೊಸಾಲಿ. ಆ ದನಿಯಲ್ಲಿ ಕೋಪ ಹುಡುಕಿದರೂ ವರ್ಲಿನನಿಗೆ ಸಿಗಲಿಲ್ಲ.

ಎಲ್ಲರೂ ಒಟ್ಟಿಗೇ ಏರು ಹತ್ತಿದರು. ಅವತ್ತು ಪೆಡಲು ತಿರುಗಿದಂತೆ ಎಂದೂ ತಿರುಗಿರಲಿಲ್ಲ. ವರ್ಲಿನನ ಕಾಲು ಸುಮ್ಮನೆ ಚೈನಿನ ಜೊತೆ ಸುತ್ತುತ್ತಿತ್ತು, ಸೈಕಲ್ ಮಾತ್ರ ಮರ್ಲನ ಸೈಕಲ್ಲಿಗೆ ಸಮನಾಗಿ ಓಡುತ್ತಿತ್ತು. ತನ್ನ ಮಾನ ಉಳಿಸಲು ಅವಳು ಇಬ್ಬರ ಪಾಲನ್ನೂ ತುಳಿಯುತ್ತಿದ್ದಾಳೆ ಎಂದು ಅವನಿಗೆ ಮೊದಲ ತಿರುವಿನಲ್ಲೇ ತಿಳಿಯಿತು. ತಿಳಿದೂ ಬಾಯಿ ಮುಚ್ಚಲಿಲ್ಲ. ಮುಜುಗರವಾದಷ್ಟೂ ಅವನ ಮಾತು ಹೆಚ್ಚುತ್ತದೆ. ಹಳೆಯ ಮಂಗಳವಾರಗಳ ಕತೆ ತೆಗೆದ, ಚೀಸ್ ಕಾರ್ಖಾನೆಯ ಮ್ಯಾನೇಜರನನ್ನು ಅಣಕಿಸಿದ, ಒಂದು ಗಳಿಗೆ ಹಿಂದೆ ಬಿದ್ದ ಮರ್ಲನನ್ನು ಅಜ್ಜಿ ಎಂದು ಕೂಗಿದ. ಗೆಳೆಯರು ನಕ್ಕರು, ಆಮೇಲೆ ನಗುವುದು ಕಡಿಮೆಯಾಯಿತು. ಏರಿನ ದಣಿವು ಎಂದುಕೊಂಡ.

ಮೇಲೆ ಸುರಂಗದ ಬಾಯಲ್ಲಿ ನೀರಿನ ಪಂಪು, ಬೆಂಚು, ಒಂದು ಶೌಚಾಲಯ ಇವೆ. ವರ್ಲಿನ್ ಊರುಗೋಲು ಹಿಡಿದು ಶೌಚಕ್ಕೆ ಹೋದ. ಒಂದೇ ಕೈಯಲ್ಲಿ ಗುಂಡಿ ಬಿಚ್ಚಿ ಹಾಕಿ ಬರುವುದಕ್ಕೆ ಹೊತ್ತಾಯಿತು. ವಾಪಸು ಬಂದಾಗ ಗೆಳೆಯರು ಹೊರಡುವ ಅವಸರದಲ್ಲಿದ್ದರು. ಮರ್ಲ್ ಅವನ ಭುಜದ ಮೇಲೆ ಕೈಯಿಟ್ಟು, ನಿನ್ನ ಕಾಲು ಪರವಾಗಿಲ್ಲವಲ್ಲ, ಒಂದು ಮಂಗಳವಾರ ಬಾರಿಗಾದರೂ ಬಾ ಎಂದ. ನಮ್ಮ ಸುರಂಗದೊಳಗೆ ಸೈಕಲ್ ತುಳಿಯುವಂತಿಲ್ಲ, ಇಳಿದು ತಳ್ಳಿಕೊಂಡೇ ಹೋಗಬೇಕು. ಅವತ್ತು ಸುರಂಗದಾಚೆಗೂ ಹೊರಟಿದ್ದ ಅವರು ಹೆಜ್ಜೆ ಹಾಕುತ್ತ ಕತ್ತಲಿನಲ್ಲಿ ಕಾಣದಾದರು.

ಇಳಿಜಾರಿನಲ್ಲಿ ವರ್ಲಿನ್ ಒಂದು ಕಲ್ಲನ್ನೂ ಬಿಡದೆ ಕೂಗಿ ಹೇಳಿದ. ಎಂದೂ ಇಲ್ಲದಷ್ಟು ಶ್ರದ್ಧೆ. ಷೆಡ್ಡಿಗೆ ಬಂದು ಇಳಿದ ಮೇಲೆ ರೊಸಾಲಿ, ಮುಂದಿನ ವಾರದಿಂದ ನನಗೆ ಬೇರೆ ಕ್ಯಾಪ್ಟನ್ ನೋಡು ಎಂದು ವೆಸನಿಗೆ ಹೇಳಿದಳು. ವರ್ಲಿನ್ ಅವಳ ಹಿಂದೆಯೇ ಅಂಗಳಕ್ಕೆ ಹೋದ. ಬಾಯಿ ತಪ್ಪಿ ಬಂದ ಮಾತು ಅದು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದ. ತನ್ನ ಮಡಿಸುವ ಬಿಳಿ ಕೋಲನ್ನು ಬಿಚ್ಚಿಕೊಳ್ಳುತ್ತಿದ್ದವಳು ನಿಂತಳು.

“ನಿನ್ನ ಭಾರ ತುಳಿಯೋದು ನಂಗೇನೂ ಕಷ್ಟ ಅಲ್ಲ ವರ್ಲಿನ್. ಎರಡು ಬೇಸಿಗೆಯಿಂದ ತುಳಿದಿದೀನಿ, ಒಂದಿನ ಅಂದಿದೀನಾ? ಆದ್ರೆ ಇವತ್ತು ಹೇಳಿದ್ಯಲ್ಲ, ಅದನ್ನೂ ಹೇರ್ಕೊಂಡು ವಾರ ವಾರ ತುಳಿಯೋಕೆ ನನ್ ಕೈಲಾಗಲ್ಲ.”

ಭೂಮಿ ಬಾಯಿ ಬಿಡಬಾರದೇ ಅನಿಸಿತು ಅವನಿಗೆ. ಕಾರಿನಲ್ಲಿ ಕೂತು ಕಿತ್ತಳೆ ಅಂಗಿ ಬಿಚ್ಚಲು ಹೋದರೆ ಎಡಗೈ ಸಿಕ್ಕಿಹಾಕಿಕೊಂಡಿತು. ಆರ್ಡಿಸ್ ಬಿಡಿಸಿದಳು, ಏನಾಯಿತು ಎಂದಳು. ಸೆಖೆ ಎಂದ. ಮುಂದಿನ ಎರಡು ದಿನ ಕುರ್ಚಿಯಲ್ಲಿ ಕೂತರೆ ತನ್ನದೇ ದನಿ ಕೇಳಿಸುತ್ತಿತ್ತು, ಪಾಪ, ಹಿಂದೆ ಕೂತಿರೋಳಿಗೆ ಕಣ್ಣಿಲ್ಲ. ಅದರಲ್ಲೂ ಆ ‘ಪಾಪ’. ಜನ ತನ್ನ ಬಗ್ಗೆ ಆಡಿದರೆ ಯಾವ ಮಾತಿಗೆ ಮೈ ಉರಿಯುತ್ತಿತ್ತೋ ಅದನ್ನೇ ಎತ್ತಿ ಅವಳ ಮೇಲೆ ಹಾಕಿದ್ದ. ಸುಳ್ಳು ಹೇಳಿದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು. ರೊಸಾಲಿಯನ್ನು ಕಳೆದುಕೊಳ್ಳುವುದೆಂದರೆ ಏನು ಎಂದು ಅವನಿಗೆ ಗೊತ್ತಿತ್ತು. ಏನಾದರೂ ಮಾಡಿ ಅವಳನ್ನು ಉಳಿಸಿಕೊಳ್ಳಬೇಕು, ಅದಕ್ಕೆ ಇರುವುದು ಒಂದೇ ದಾರಿ ಎಂದು ತೀರ್ಮಾನಿಸಿದ.

ಮಂಗಳವಾರ ಸಂಜೆ ಆರ್ಡಿಸ್ ಅವನನ್ನು ಬಾರಿನ ಮುಂದೆ ಇಳಿಸಿದಳು. ಗುಂಪು ಆಗತಾನೇ ಸವಾರಿ ಮುಗಿಸಿ ಬಂದು ಕೂತಿತ್ತು, ಕರಿದ ಚೀಸಿನ ಬುಟ್ಟಿ ಮೇಜಿನ ಮೇಲಿತ್ತು. ವರ್ಲಿನ್ ಕೂರಲಿಲ್ಲ. ಊರುಗೋಲಿನ ಮೇಲೆ ಭಾರ ಹಾಕಿ ನಿಂತೇ ಹೇಳಿದ. ತಾನು ಸೇವೆಗೆ ಹೋಗುವವನಲ್ಲ, ಆ ಕ್ಲಬ್ಬಿನ ಸದಸ್ಯ. ತನ್ನ ಎಡಗಾಲು ದಂಡ. ಅವತ್ತು ಏರು ಹತ್ತಿಸಿದ್ದು ತಾನಲ್ಲ. ಮನೆಗೆ ಬಂದಾಗಲೆಲ್ಲ ನಿದ್ದೆ ಎಂದು ಹೇಳಿಸಿದ್ದೂ ಸುಳ್ಳು. ಮೇಜಿನ ಸುತ್ತ ಯಾರೂ ಬೆರಗಾಗಲಿಲ್ಲ. ಮರ್ಲ್ ಕುರ್ಚಿ ಎಳೆದು ಅವನನ್ನು ಕೂರಿಸಿದ.

“ಗೊತ್ತಿತ್ತು ಕಣಯ್ಯ. ಏರು ಹತ್ತೋವಾಗ ಕೆಳಗಿಂದ ಮೇಲಿನ ತನಕ ನೀನು ಮಾತಾಡ್ತಾನೇ ಇದ್ದೆ. ಹಿಂದೆ ಆಯಮ್ಮನ ಉಸಿರು ನಮಗೆಲ್ಲ ಕೇಳಿಸ್ತಿತ್ತು. ಸೈಕಲ್ ತುಳಿಯೋರಿಗೆ ಅಷ್ಟೂ ತಿಳಿಯಲ್ವಾ?”

ವರ್ಲಿನನ ಕಿವಿ ಬಿಸಿಯಾಯಿತು. ತಿಳಿಯುತ್ತದೆ. ತನಗೂ ತಿಳಿದಿತ್ತು. ಏರಿನಲ್ಲಿ ಯಾರ ಬಾಯಿ ನಡೆಯುತ್ತದೆಯೋ ಅವರ ಕಾಲು ನಡೆಯುತ್ತಿಲ್ಲ ಎಂದು ಹಿಂದೆ ತಾನೇ ಎಷ್ಟು ಜನರನ್ನು ಕಾಡಿಸಿರಲಿಲ್ಲ? ಅಷ್ಟು ಜನರ ಮುಂದೆ, ತನ್ನದೇ ಏರಿನಲ್ಲಿ, ತಾನೇ ತನ್ನನ್ನು ಹಿಡಿದುಕೊಟ್ಟಿದ್ದ. ಅವರು ತಿಳಿದೂ ಸುಮ್ಮನಿದ್ದರು. ಆದರೂ ಹೇಳಿದ್ದರಿಂದ ಎದೆ ಹಗುರಾಯಿತು. ಮರ್ಲ್ ಬಿಯರ್ ತರಿಸಿದ, ಇನ್ನೊಬ್ಬ ಅವನ ಬೆನ್ನು ತಟ್ಟಿದ, ಬರದೇ ಇದ್ದದ್ದು ನಮ್ಮದೂ ತಪ್ಪು ಎಂದರು. ಮನೆಗೆ ಹೋಗುವಾಗ ವರ್ಲಿನ್ ಕಾರಿನಲ್ಲಿ ಶಿಳ್ಳೆ ಹಾಕಿದ್ದನ್ನು ಆರ್ಡಿಸ್ ಆಮೇಲೆ ಎಷ್ಟೋ ಜನರಿಗೆ ಹೇಳಿದ್ದಾಳೆ.

ಶನಿವಾರ ಅವನು ಎಲ್ಲರಿಗಿಂತ ಮೊದಲು ಷೆಡ್ಡಿಗೆ ಹೋದ, ಮುಖ್ಯ ರಸ್ತೆಯಲ್ಲೇ. ಕಿತ್ತಳೆ ಅಂಗಿಯನ್ನು ಮಡಿಸಿ ವೆಸನ ಮೇಜಿನ ಮೇಲಿಟ್ಟ. ರೊಸಾಲಿ ಬಂದು ಬೆಂಚಿನ ಮೇಲೆ ಕೂತು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದಾಗ ಹತ್ತಿರ ಹೋದ. ಬಾರಿಗೆ ಹೋಗಿದ್ದೆ, ಎಲ್ಲರ ಮುಂದೆ ಇದ್ದದ್ದು ಇದ್ದಹಾಗೆ ಹೇಳಿದೆ ಎಂದ. ಅವಳ ಮುಖ ಅರಳಿತು. ಒಳ್ಳೆಯದಾಯಿತು, ಕಷ್ಟ ಆಗಿರಬೇಕು ಎಂದಳು. ಆಮೇಲೆ ತಲೆಯನ್ನು ಅವನ ದನಿಯ ಕಡೆ ತಿರುಗಿಸಿದಳು.

“ನನ್ ಬಗ್ಗೆ ಏನ್ ಹೇಳ್ದೆ?”

ವರ್ಲಿನ್ ಬಾಯಿ ತೆರೆದ. ಬಾರಿನ ಮೇಜಿನ ಮುಂದೆ ಆಡಿದ್ದನ್ನೆಲ್ಲ ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ಹುಡುಕಿದ. ತನ್ನ ಕಾಲು, ತನ್ನ ನಾಚಿಕೆ, ತನ್ನ ನಿದ್ದೆಯ ಸುಳ್ಳು, ತನ್ನ ಒಂಟಿತನ. ಉದ್ದಕ್ಕೂ ತಾನೇ. ಪಾಪ ಎಂದದ್ದನ್ನು ವಾಪಸು ತೆಗೆದುಕೊಳ್ಳುವ ಒಂದು ಮಾತೂ ಅಲ್ಲಿರಲಿಲ್ಲ. ಅವಳಿಗೊಂದು ಹೆಸರಿದೆ ಎನ್ನುವುದೂ ಅಲ್ಲಿರಲಿಲ್ಲ. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

“ಏನೂ ಹೇಳ್ಲಿಲ್ಲ. ನಿನ್ ಹೆಸರೂ ಹೇಳ್ಲಿಲ್ಲ.”

ರೊಸಾಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಮುಗಿಸಿದಳು. ನಿಜ ಹೇಳಿದ್ದಕ್ಕೆ ಸಂತೋಷ ಎಂದಳು. ಅಷ್ಟರಲ್ಲಿ ವೆಸ್ ಎರಡು ಸೀಟಿನ ಸೈಕಲ್ ಹೊರಗೆ ತಂದು ಅವಳನ್ನು ಕರೆದ. ಅವಳು ಎದ್ದು, ಸೀಟಿನ ಬೆನ್ನನ್ನು ಕೈಯಲ್ಲಿ ಮುಟ್ಟಿ ನೋಡಿಕೊಂಡು ಹಿಂದೆ ಕೂತಳು. ಷೆಡ್ಡನ್ನು ಇನ್ನೊಬ್ಬರಿಗೆ ಒಪ್ಪಿಸಿ ಮುಂದೆ ವೆಸ್ ಕೂತ. ಗೇಟು ಬಂತು, ಎಡಕ್ಕೆ ತಿರುಗುತ್ತೇನೆ ಎಂದು ವೆಸ್ ಕೂಗಿದ್ದು ಕೇಳಿಸಿತು. ಸೈಕಲ್ ಹೋಯಿತು.

ಅಂಗಳದಲ್ಲಿ ನಿಂತ ವರ್ಲಿನನಿಗೆ ಬೇರೇನೂ ತೋಚಲಿಲ್ಲ. ಫೋನು ತೆಗೆದು ಮರ್ಲನಿಗೆ ಹಚ್ಚಿದ. ಆ ಕಡೆ ಟ್ರ್ಯಾಕ್ಟರಿನ ಸದ್ದು. ಅವತ್ತು ನನ್ನ ಹಿಂದೆ ಕೂತಿದ್ದವಳ ಹೆಸರು ರೊಸಾಲಿ ಕುಕ್ತಾ, ನಾನು ಅವಳನ್ನು ಎಳೆದುಕೊಂಡು ಹೋಗಿದ್ದಲ್ಲ, ಎರಡು ಬೇಸಿಗೆಯಿಂದ ಅವಳೇ ನನ್ನನ್ನು ಎಳೆಯುತ್ತಿದ್ದಾಳೆ, ಇದನ್ನು ಎಲ್ಲರಿಗೂ ಹೇಳು ಎಂದು ಒಂದೇ ಉಸಿರಿಗೆ ಒದರಿದ. ಮರ್ಲ್ ಇಂಜಿನ್ ಆರಿಸಿದ. ಹೇಳುವುದೋ ಬೇಡವೋ ಎಂದು ತಡವರಿಸಿದ್ದು ಫೋನಿನಲ್ಲೂ ತಿಳಿಯಿತು.

“ಹೆಸರು ಗೊತ್ತು ಕಣೋ. ನೀನು ಶೌಚಕ್ಕೆ ಹೋದಾಗ ನಾನೇ ಹೋಗಿ ಕೈಕುಲುಕಿ ಕೇಳ್ದೆ. ವರ್ಲಿನ್ ಅಂದ ಮಾತಿಗೆ ನಾವು ಕ್ಷಮೆ ಕೇಳ್ತೀವಿ ಅಂದೆ. ಅದಕ್ಕೆ ಆಯಮ್ಮ, ‘ನಿಮಗೆ ಗೊತ್ತಾಯ್ತು ಅಂತ ಅವನಿಗೆ ತೋರಿಸ್ಕೋಬೇಡಿ. ಮೊದಲನೇ ದಿನ ಬಂದಾಗ ಏರಿನ ಉದ್ದಕ್ಕೂ ಅಳ್ತಿದ್ದ. ಈಗ ಹರಟೆ ಹೊಡೀತಾನೆ. ಹೊಡೀಲಿ ಬಿಡಿ’ ಅಂದ್ಲು.”

ಆ ದಿನ ಅತ್ತದ್ದು ಹೌದು. ಆರ್ಡಿಸಳಿಗೂ ಹೇಳಿರಲಿಲ್ಲ. ಸದ್ದು ಮಾಡದೆ, ಬಲಗೈ ಹಿಡಿಕೆಯ ಮೇಲಿದ್ದುದರಿಂದ ಕಣ್ಣನ್ನೂ ಒರೆಸಿಕೊಳ್ಳದೆ, ಕೆನ್ನೆ ತೋಯಿಸಿಕೊಂಡು ಅತ್ತಿದ್ದ. ಹಿಂದೆ ಕೂತವಳಿಗೆ ಹೇಗೂ ಕಾಣುವುದಿಲ್ಲ ಎಂಬ ಧೈರ್ಯದಿಂದಲೇ ಅತ್ತಿದ್ದ, ಉಸಿರು ಕೇಳಿಸೀತೆಂದು ಎಣಿಸಿರಲಿಲ್ಲ.

ಮರ್ಲ್ ಹಲೋ ಹಲೋ ಅನ್ನುತ್ತಿದ್ದ. ವರ್ಲಿನ್ ಫೋನು ಇಟ್ಟ. ಮೂರು ಗಾಲಿಯ ಒಂಟಿ ಸೈಕಲ್ ಖಾಲಿ ಇದೆ, ತುಳಿಯುತ್ತೀಯಾ ಎಂದು ಷೆಡ್ಡಿನಿಂದ ಯಾರೋ ಕೇಳಿದರು. ಬೇಡ, ಅವರು ಬರುವವರೆಗೆ ಕಾಯುತ್ತೇನೆ ಎಂದ. ಹೋಗಿ ಅವಳು ಎದ್ದುಹೋದ ಬೆಂಚಿನ ಮೇಲೆ ಕೂತ. ಅವಳು ಬಂದಾಗ ಏನು ಹೇಳಬೇಕೆಂದು ಮಾತ್ರ, ಅಷ್ಟು ಮಾತು ಬಲ್ಲವನಿಗೆ, ಎಷ್ಟು ಹೊತ್ತಾದರೂ ಹೊಳೆಯಲಿಲ್ಲ.